ವಯಸ್ಸಾದ ಅಪ್ಪ-ಅಮ್ಮನ ಜೊತೆ ಪೂರ್ವ ಆಫ್ರಿಕಾ ಸಫಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ತಾಯಿಯವರನ್ನು ಅವರ 71ನೆಯ ವಯಸ್ಸಿನಲ್ಲಿ ಕೀನ್ಯಾಕ್ಕೆ, 74ನೆಯ ವಯಸ್ಸಿನಲ್ಲಿ ಉತ್ತರ ತಾಂಜಾನಿಯಾಕ್ಕೆ ಕರೆದುಕೊಂಡು ಹೋಗಿ ಬಂದೆ. ಅಂದಿನಿಂದ ಬಂಧುಗಳು, ಸಹೋದ್ಯೋಗಿಗಳು, ಅವರ ಪರಿಚಯದವರು ಫೋನಿನಲ್ಲಿಯೂ ಪತ್ರಗಳಲ್ಲಿಯೂ ಕೇಳುತ್ತ ಬಂದಿರುವ ಪ್ರಶ್ನೆಗಳನ್ನು ಅವರವರ ಮಾತಿನಲ್ಲಿಯೇ ಇಲ್ಲಿ ಇಟ್ಟಿದ್ದೇನೆ. ಔಷಧಗಳ ಬಗ್ಗೆ ಬರೆದಿರುವುದು ವೈದ್ಯರ ಮುಂದೆ ಕುಳಿತಾಗ ಏನು ಕೇಳಬೇಕೆಂದು ತಿಳಿದಿರಲಿ ಎಂಬುದಕ್ಕಾಗಿ ಮಾತ್ರ. ತೀರ್ಮಾನ ಅವರದೇ.

## ಹೊರಡುವ ಮುನ್ನ

“ಅಮ್ಮನಿಗೆ 72 ವರ್ಷ, ಮಂಡಿ ನೋವು ಇದೆ. ಸಫಾರಿ ಅಂದ್ರೆ ಕಾಡಲ್ಲಿ ನಡೀಬೇಕಲ್ವಾ?”

ನಡೆಯಬೇಕಾಗಿಲ್ಲ. ಕೀನ್ಯಾದ ಮಸಾಯಿ ಮಾರಾ ಮತ್ತು ಅಂಬೊಸೆಲಿ, ತಾಂಜಾನಿಯಾದ ಸೆರೆಂಗೆಟಿ ಅಭಯಾರಣ್ಯಗಳಲ್ಲಿ ಗುರುತು ಮಾಡಿದ ಕೆಲವು ತಾಣಗಳನ್ನು ಬಿಟ್ಟರೆ ವಾಹನದಿಂದ ಕೆಳಗೆ ಇಳಿಯುವುದಕ್ಕೇ ಅನುಮತಿಯಿಲ್ಲ. ಮಂಡಿ ನೋವಿನವರಿಗೆ ಕಷ್ಟವಾಗುವುದು ಬೇರೆ ಮೂರು ಕಡೆ: ಎತ್ತರದ ವಾಹನವನ್ನು ಹತ್ತಿ ಇಳಿಯುವಾಗ, ಗಂಟೆಗಟ್ಟಲೆ ಕಾಲು ಮಡಿಸಿ ಕುಳಿತು ಎದ್ದಾಗ, ಕೆಟ್ಟ ರಸ್ತೆಯ ಕುಲುಕಾಟದಲ್ಲಿ. ಆದ್ದರಿಂದ ‘ಎಷ್ಟು ದೂರ ನಡೆಯುತ್ತಾರೆ’ ಎಂದು ನೋಡುವುದಕ್ಕಿಂತ, ಕೆಎಸ್ಆರ್‌ಟಿಸಿ ಬಸ್ಸಿನ ಮೊದಲ ಮೆಟ್ಟಿಲನ್ನು ಯಾರೂ ಮೇಲಕ್ಕೆ ಎಳೆಯದೆ, ಕಂಬಿ ಹಿಡಿದು ತಾವೇ ಹತ್ತಬಲ್ಲರೇ ಎಂದು ನೋಡಿ. ಹತ್ತಬಲ್ಲರಾದರೆ ಲ್ಯಾಂಡ್ ಕ್ರೂಸರನ್ನೂ ಹತ್ತುತ್ತಾರೆ. ಕಷ್ಟಪಡುತ್ತಾರೆಂದರೆ ಮಡಿಸುವ ಗಟ್ಟಿ ಸ್ಟೂಲೊಂದನ್ನು ವಾಹನದಲ್ಲಿ ಇಟ್ಟಿರುವಂತೆ ಮೊದಲೇ ಬರೆದು ಕೇಳಿಕೊಳ್ಳಿ. ಹೆಚ್ಚಿನ ಚಾಲಕರು ಸಂತೋಷದಿಂದಲೇ ತರುತ್ತಾರೆ.

ಸೀರೆಯ ಬಗ್ಗೆಯೂ ಇಲ್ಲಿಯೇ ಹೇಳಿಬಿಡುತ್ತೇನೆ. ಜೀವಮಾನವೆಲ್ಲ ಸೀರೆ ಉಟ್ಟವರಿಗೆ ಬೇರೆ ಉಡುಪು ಹಾಕೆಂದು ಒತ್ತಾಯಿಸುವುದು ನನಗೆ ಇಷ್ಟವಿರಲಿಲ್ಲ. ಆದರೆ ಮೊದಲ ದಿನ ನಿರಿಗೆ ಕಾಲಿಗೆ ಸಿಕ್ಕಿ ಅಮ್ಮ ಮುಗ್ಗರಿಸಿದ ಮೇಲೆ ತಾವೇ ಸಲ್ವಾರಿಗೆ ಬದಲಾಯಿಸಿಕೊಂಡು, ಸಂಜೆಯ ಊಟಕ್ಕೆ ಮಾತ್ರ ಸೀರೆ ಇಟ್ಟುಕೊಂಡರು.

“ಮೊದಲು ಕಬಿನಿಗೆ ಕರ್ಕೊಂಡು ಹೋಗಿ ನೋಡಿದರೆ ಅಂದಾಜು ಸಿಗುತ್ತಾ?”

ಖಂಡಿತ ಸಿಗುತ್ತದೆ, ಮತ್ತು ಇದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ. ಕಬಿನಿಯಲ್ಲಾಗಲಿ ಬಂಡೀಪುರದಲ್ಲಾಗಲಿ ಒಂದು ಸಫಾರಿ ಸುಮಾರು ಮೂರು ಗಂಟೆಯದು. ಒಂದು ಸಂಜೆ, ಮರುದಿನ ಬೆಳಿಗ್ಗೆ ಎರಡನ್ನೂ ಮಾಡಿಸಿ, ಎರಡನೆಯದು ಮುಗಿದಾಗ ಅವರು ಹೇಗಿದ್ದಾರೆಂದು ಗಮನಿಸಿ. ಬಂದವರೇ ಕಾಫಿ ಕೇಳಿ ಕಂಡದ್ದನ್ನು ಹೇಳಲು ಕುಳಿತರೆ ಒಳ್ಳೆಯ ಸೂಚನೆ. ಮಾತಿಲ್ಲದೆ ಹೋಗಿ ಮಲಗಿದರೆ ಆಫ್ರಿಕಾದಲ್ಲಿ ದಿನಕ್ಕೆ ಒಂದೇ ಸಫಾರಿ ಎಂದು ಯೋಜಿಸಿ. ಅಲ್ಲಿ ಧೂಳು ಹೆಚ್ಚು, ಬಯಲು ದೊಡ್ಡದು, ನೆರಳು ಕಡಿಮೆ, ಆದರೆ ಪ್ರಾಣಿ ಕಾಣುವುದಕ್ಕೆ ನಮ್ಮ ಕಾಡಿನಷ್ಟು ಕಾಯಬೇಕಾಗಿಲ್ಲ. ಮೊದಲ ಅರ್ಧ ಗಂಟೆಯಲ್ಲಿಯೇ ಜೀಬ್ರಾ, ಜಿರಾಫೆ, ಆನೆಗಳನ್ನು ಕಂಡುಬಿಡಬಹುದು.

“ಅಮ್ಮ ‘ಈ ವಯಸ್ಸಲ್ಲಿ ನನಗ್ಯಾಕೆ ಇಷ್ಟು ಖರ್ಚು’ ಅಂತ ಒಪ್ಪುತ್ತಿಲ್ಲ. ಏನು ಹೇಳಲಿ?”

ಹೇಳುವುದಕ್ಕಿಂತ ಕೇಳುವುದು ಮೇಲು. ಅವರಿಗೆ ಏನು ನೋಡಬೇಕೆಂಬ ಆಸೆಯಿದೆ ಎಂದು ಕೇಳಿ, ಸಿಂಹವೇ ಆಗಿರಬೇಕೆಂದಿಲ್ಲ. ನನ್ನ ತಾಯಿಗೆ ಜಿರಾಫೆ ನೀರು ಕುಡಿಯುವುದನ್ನು ನೋಡಬೇಕಿತ್ತು. ಚಿಕ್ಕಂದಿನಲ್ಲಿ ಪಾಠದ ಪುಸ್ತಕದಲ್ಲಿ ಆ ಚಿತ್ರ ನೋಡಿ, ಅಷ್ಟುದ್ದದ ಕಾಲುಗಳನ್ನು ಅದು ಹಾಗೆ ಅಗಲಿಸಿ ನಿಲ್ಲುವುದು ಸುಳ್ಳೆಂದೇ ನಂಬಿದ್ದರಂತೆ. ಈ ಒಂದು ಮಾತು ತಿಳಿದ ಮೇಲೆ ನಮ್ಮ ಇಡೀ ಯೋಜನೆ ನೀರಿನ ಹೊಂಡಗಳ ಸುತ್ತ ರೂಪುಗೊಂಡಿತು. ಮೂರನೆಯ ದಿನ ಜಿರಾಫೆಯೊಂದು ಮುಂಗಾಲುಗಳನ್ನು ತಡೆತಡೆದು ಅಗಲಿಸುತ್ತ ಬಗ್ಗಿದಾಗ ಅವರು ನನ್ನ ತೋಳನ್ನು ಹಿಡಿದ ಬಿಗಿ ನನಗೆ ಇನ್ನೂ ನೆನಪಿದೆ. ಆದರೆ ನಿಜವಾಗಿಯೂ ಮನಸ್ಸಿಲ್ಲದವರನ್ನು ಮಕ್ಕಳ ಸಂತೋಷಕ್ಕೆಂದು ಎಳೆದುಕೊಂಡು ಹೋಗಬೇಡಿ.

“ಕೀನ್ಯಾನೋ ತಾಂಜಾನಿಯಾನೋ? ಒಂದೇ ಸಲ ಎರಡೂ ಮುಗಿಸಬಹುದಾ?”

ಒಂದನ್ನು ಆರಿಸಿಕೊಳ್ಳಿ. ಮಾರಾ ಮತ್ತು ಸೆರೆಂಗೆಟಿ ಒಂದೇ ಹುಲ್ಲುಗಾವಲಿನ ಎರಡು ತುದಿಗಳು, ನಕ್ಷೆಯಲ್ಲಿ ಪಕ್ಕಪಕ್ಕದಲ್ಲಿಯೇ ಇವೆ. ಆದರೆ ಪ್ರವಾಸಿಗರು ಒಂದರಿಂದ ನೇರವಾಗಿ ಇನ್ನೊಂದಕ್ಕೆ ದಾಟುವಂತಿಲ್ಲ. ಸುತ್ತಿಕೊಂಡು ಇಸೆಬಾನಿಯಾ ಅಥವಾ ನಮಾಂಗಾ ಗಡಿಗೆ ಹೋಗಬೇಕು, ಅಲ್ಲಿ ಇಳಿದು ಸಾಲಿನಲ್ಲಿ ನಿಲ್ಲಬೇಕು, ಬಹಳಷ್ಟು ಸಲ ವಾಹನವನ್ನೂ ಬದಲಾಯಿಸಬೇಕು. ಹಿರಿಯರ ಒಂದು ಇಡೀ ದಿನ ಅದರಲ್ಲಿ ಕಳೆದುಹೋಗುತ್ತದೆ.

ಮೊದಲ ಸಲಕ್ಕೆ ನಾನು ಕೀನ್ಯಾವನ್ನು ಹೇಳುತ್ತೇನೆ. ಮುಂಬೈಯಿಂದ ನೈರೋಬಿಗೆ ನೇರ ವಿಮಾನ ಸುಮಾರು ಆರು ಗಂಟೆಯದು, ನಗರದಲ್ಲಿ ದೊಡ್ಡ ಆಸ್ಪತ್ರೆಗಳಿವೆ, ನಮ್ಮ ಊಟ ಸಿಗುತ್ತದೆ. ಅಂಬೊಸೆಲಿ ಸಮತಟ್ಟಾದ ಜಾಗ. ಕುಳಿತಲ್ಲಿಂದಲೇ ಆನೆಗಳ ಹಿಂಡು, ಆಕಾಶ ತಿಳಿಯಾಗಿದ್ದರೆ ಅವುಗಳ ಹಿಂದೆ 5,895 ಮೀಟರ್ ಎತ್ತರದ ಕಿಲಿಮಂಜಾರೊ. ನೈವಾಷಾ ಸರೋವರದಲ್ಲಿ ದೋಣಿಯಲ್ಲಿ ಕುಳಿತು ನೀರಾನೆಗಳನ್ನು ನೋಡಬಹುದು, ಅಲ್ಲಿ ಕುಲುಕಾಟವೇ ಇಲ್ಲ. ತಾಂಜಾನಿಯಾದ ವೈಭವ ದೊಡ್ಡದು, ಆದರೆ ದೂರಗಳೂ ದೊಡ್ಡವು. ಅಲ್ಲಿನ ತರಂಗಿರೆ ಉದ್ಯಾನದ ದೈತ್ಯ ಬಾವೊಬಾಬ್ ಮರಗಳನ್ನು ಕಂಡಾಗ, ಹಾವೇರಿ ಜಿಲ್ಲೆಯವರಾದ ನನ್ನ ತಾಯಿ ‘ಇವು ನಮ್ಮ ಸವಣೂರಿನ ದೊಡ್ಡಹುಣಸೆ ಮಠದ ಮರಗಳೇ’ ಎಂದರು. ನಿಜ, ಅವೂ ಇದೇ ಆಫ್ರಿಕಾದ ಜಾತಿಯವು.

“ಏಜೆಂಟ್ ಆರು ದಿನಕ್ಕೆ ಐದು ಜಾಗ ಕೊಟ್ಟಿದ್ದಾರೆ. ಸರಿಯಾ?”

ಸರಿಯಲ್ಲ. ಅದು ಮೂವತ್ತರ ವಯಸ್ಸಿನವರ ವೇಳಾಪಟ್ಟಿ. ದಿನವೂ ಪೆಟ್ಟಿಗೆ ಕಟ್ಟುವುದು, ದಿನವೂ ಹೊಸ ಬಚ್ಚಲುಮನೆಯ ಜಾರುನೆಲ, ಕತ್ತಲಲ್ಲಿ ಸ್ವಿಚ್ಚಿಗಾಗಿ ಹೊಸದಾಗಿ ತಡಕಾಡುವುದು ಹಿರಿಯರನ್ನು ಕಾಡಿನ ರಸ್ತೆಗಿಂತ ಹೆಚ್ಚು ದಣಿಸುತ್ತವೆ. ಬೀಳುವುದೂ ಸಾಮಾನ್ಯವಾಗಿ ಇಲ್ಲಿಯೇ. ಏಳು ಅಥವಾ ಎಂಟು ರಾತ್ರಿಗಳಿಗೆ ಮೂರೇ ತಂಗುದಾಣಗಳು ಸಾಕು: ಬಂದಿಳಿದ ದಿನ ನೈರೋಬಿಯಲ್ಲಿ ಪೂರ್ತಿ ವಿಶ್ರಾಂತಿ, ಆಮೇಲೆ ಅಂಬೊಸೆಲಿ ಅಥವಾ ನೈವಾಷಾದಲ್ಲಿ ಎರಡು-ಮೂರು ರಾತ್ರಿ, ಮಾರಾದಲ್ಲಿ ನಾಲ್ಕು ರಾತ್ರಿ. ಮಾರಾದ ನಾಲ್ಕರಲ್ಲಿ ಒಂದು ದಿನವನ್ನು ಖಾಲಿ ಬಿಡಿ. ನದಿಯ ದಂಡೆಯ ಕ್ಯಾಂಪಾದರೆ ಜಗಲಿಯ ಕುರ್ಚಿಯಲ್ಲಿ ಕುಳಿತೇ ನೀರಾನೆಗಳನ್ನು, ನೀರಿಗಿಳಿಯುವ ಆನೆಗಳನ್ನು ನೋಡಬಹುದು. ನಮ್ಮ ಖಾಲಿ ದಿನವೇ ಅಮ್ಮ ಮನೆಯಲ್ಲಿ ಅತಿ ಹೆಚ್ಚು ಹೇಳಿಕೊಂಡ ದಿನ.

“ವೀಸಾ ಹೇಗೆ?”

ಕೀನ್ಯಾ 2024ರ ಜನವರಿಯಿಂದ ವೀಸಾ ತೆಗೆದು ಅದರ ಬದಲು ಆನ್‌ಲೈನ್ ಪ್ರವೇಶ ಅನುಮತಿಯನ್ನು ತಂದಿದೆ. ಹೊರಡುವ ಮುನ್ನವೇ ಪಡೆದಿರಬೇಕು. ತಾಂಜಾನಿಯಾಕ್ಕೆ ಪ್ರತ್ಯೇಕ ಇ-ವೀಸಾ. ‘ಪೂರ್ವ ಆಫ್ರಿಕಾ ಪ್ರವಾಸಿ ವೀಸಾ’ ಎಂಬ ಒಂದೇ ವೀಸಾ ಕೀನ್ಯಾ, ಉಗಾಂಡಾ, ರುವಾಂಡಾಗಳಿಗೆ ನಡೆಯುತ್ತದೆ, ತಾಂಜಾನಿಯಾಕ್ಕೆ ನಡೆಯುವುದಿಲ್ಲ. ಹೆಸರು ನೋಡಿ ಮೋಸಹೋಗುವವರು ಬಹಳ.

## ಕಾಲ, ದಾರಿ, ವಾಹನ

“ಮಕ್ಕಳಿಗೆ ಏಪ್ರಿಲ್-ಮೇನಲ್ಲೇ ರಜೆ. ಆಗ ಹೋಗಬಹುದಾ?”

ಮಾರ್ಚ್ ಕೊನೆಯಿಂದ ಮೇವರೆಗೆ ಅಲ್ಲಿ ದೀರ್ಘ ಮಳೆಗಾಲ. ದರ ಕಡಿಮೆ, ಹಸಿರು ಚೆಂದ, ಆದರೆ ಕಪ್ಪುಮಣ್ಣಿನ ದಾರಿಗಳಲ್ಲಿ ವಾಹನ ಹೂತುಹೋದರೆ ಒಂದು-ಎರಡು ಗಂಟೆ ಅಲ್ಲಿಯೇ. ಹಿರಿಯರಿದ್ದಾಗ ನಾನು ಈ ತಿಂಗಳುಗಳನ್ನು ಬಿಟ್ಟುಬಿಡುತ್ತೇನೆ. ದಸರಾ ರಜೆ ಮಾರಾಕ್ಕೆ ಚೆನ್ನಾಗಿ ಹೊಂದುತ್ತದೆ.

ಎಲ್ಲರೂ ಕೇಳುವ, ವಿಲ್ಡಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ವಲಸೆಯಲ್ಲಿ ಹತ್ತು ಲಕ್ಷಕ್ಕೂ ಮೀರಿದ ಪ್ರಾಣಿಗಳು ವರ್ಷವಿಡೀ ಸುತ್ತುತ್ತಿರುತ್ತವೆ. ಮಾರಾ ನದಿಯನ್ನು ಅವು ದಾಟುವುದು ಸಾಮಾನ್ಯವಾಗಿ ಜುಲೈಯಿಂದ ಅಕ್ಟೋಬರ್‌ವರೆಗೆ. ಆದರೆ ದಾಟುವ ಗಳಿಗೆಯನ್ನು ಯಾರೂ ಹೇಳಲಾರರು. ಸಾವಿರಾರು ಪ್ರಾಣಿಗಳು ದಂಡೆಗೆ ಬಂದು, ನೀರು ಮೂಸಿ, ಹಿಂದಿರುಗಿ, ಮತ್ತೆ ಬರುತ್ತವೆ. ನಾಲ್ಕೈದು ಗಂಟೆ ಬಿಸಿಲಿನಲ್ಲಿ, ಹತ್ತಾರು ವಾಹನಗಳ ನಡುವೆ, ಶೌಚಕ್ಕೆ ದಾರಿಯಿಲ್ಲದೆ ಕಾಯಬೇಕು. ಹಿರಿಯರಿಗೆ ಇದಕ್ಕಿಂತ ಜನವರಿ ಕೊನೆಯಿಂದ ಮಾರ್ಚ್ ಮೊದಲವರೆಗೆ ದಕ್ಷಿಣ ಸೆರೆಂಗೆಟಿಯ ನ್ಡುಟು ಬಯಲಿನಲ್ಲಿ ಅದೇ ಪ್ರಾಣಿಗಳು ಮರಿಹಾಕುವುದನ್ನು ನೋಡುವುದು ಸುಲಭ. ಹುಟ್ಟಿದ ಕರು ಕೆಲವೇ ನಿಮಿಷಗಳಲ್ಲಿ ಎದ್ದು ತಾಯಿಯ ಹಿಂದೆ ಓಡುವುದನ್ನು ನೋಡಲು ಎಲ್ಲಿಯೂ ಕಾದು ಕೂರಬೇಕಾಗಿಲ್ಲ.

“ನೈರೋಬಿಯಿಂದ ಮಾರಾಕ್ಕೆ ರಸ್ತೆಯಲ್ಲಿ ಹೋಗೋದಾ, ಸಣ್ಣ ವಿಮಾನದಲ್ಲಾ?”

ರಸ್ತೆಯಲ್ಲಿ ಐದಾರು ಗಂಟೆ. ನರೋಕ್ ಪಟ್ಟಣ ದಾಟಿ ಸೆಕೆನಾನಿ ದ್ವಾರದವರೆಗೆ ಈಗ ಟಾರು ರಸ್ತೆಯಿದೆ, ದಾರಿಯಲ್ಲಿ ಮಹಾ ಬಿರುಕು ಕಣಿವೆಯ (ಗ್ರೇಟ್ ರಿಫ್ಟ್ ವ್ಯಾಲಿ) ನೋಟವೂ ಸಿಗುತ್ತದೆ. ದ್ವಾರದಾಚೆ ಕ್ಯಾಂಪಿನವರೆಗಿನ ಮಣ್ಣುದಾರಿಯೇ ಬೆನ್ನಿಗೆ ಭಾರ. ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಹಾರುವ ಸಣ್ಣ ವಿಮಾನ ಮುಕ್ಕಾಲರಿಂದ ಒಂದು ಗಂಟೆಯಲ್ಲಿ ಹುಲ್ಲಿನ ನಡುವೆಯೇ ಇಳಿಸುತ್ತದೆ. ಬೆನ್ನು, ಸೊಂಟದ ತೊಂದರೆಯುಳ್ಳವರಿಗೆ ನಾನು ವಿಮಾನವನ್ನೇ ಹೇಳುತ್ತೇನೆ. ಎರಡು ಎಚ್ಚರಿಕೆಗಳಿವೆ: ಸಾಮಾನು ಸಾಮಾನ್ಯವಾಗಿ ತಲಾ 15 ಕಿಲೋ, ಅದೂ ಮೆತ್ತನೆಯ ಚೀಲದಲ್ಲಿ, ಮತ್ತು ಆ ವಿಮಾನದ ಮೆಟ್ಟಿಲು ಕಿರಿದು, ಕಡಿದು. ಹೋಗುವಾಗ ವಿಮಾನ, ಬರುವಾಗ ನೈವಾಷಾದಲ್ಲಿ ತಂಗಿ ರಸ್ತೆ ಎಂಬ ಹೊಂದಾಣಿಕೆಯೂ ಒಳ್ಳೆಯದೇ.

ತಾಂಜಾನಿಯಾದಲ್ಲಿ ಅರುಷಾ ನಗರದಿಂದ, ಹಳೆಯ ಜ್ವಾಲಾಮುಖಿಯ ದೊಡ್ಡ ಬಾಯಿಯಾದ ಗೊರೊಂಗೊರೊದ ದ್ವಾರದವರೆಗೆ ರಸ್ತೆ ಒಳ್ಳೆಯದು. ಅದರಾಚೆ ಸೆರೆಂಗೆಟಿಗೆ ಹೋಗುವ ದಾರಿ ತಗಡಿನ ಶೀಟಿನ ಹಾಗೆ ಏರಿಳಿತದ್ದು. ಚಾಲಕರು ಅದನ್ನು ‘ಆಫ್ರಿಕನ್ ಮಸಾಜ್’ ಎನ್ನುತ್ತಾರೆ. ಮೂಳೆ ಸವೆತ ಇರುವವರಿಗೆ ಅದು ನಗುವ ಮಾತಲ್ಲ. ಅವರನ್ನು ಸೆರೆಂಗೆಟಿಯ ನಡುವಿನ ಸೆರೊನೆರಾಕ್ಕೆ ವಿಮಾನದಲ್ಲಿಯೇ ಕರೆದೊಯ್ಯಿರಿ.

“ಪ್ರತ್ಯೇಕ ವಾಹನ ಬೇಕೇ ಬೇಕಾ? ದುಬಾರಿ ಆಗುತ್ತಲ್ಲ.”

ಬೇರೆ ಯಾವುದನ್ನು ಬೇಕಾದರೂ ಕಡಿಮೆ ಮಾಡಿ, ಇದನ್ನು ಮಾತ್ರ ಬಿಡಬೇಡಿ. ಹಂಚಿಕೊಂಡ ವಾಹನದಲ್ಲಿ ‘ನನಗೆ ಸಾಕಾಯಿತು, ಹಿಂದಿರುಗೋಣ’ ಎಂದು ನಿಮ್ಮ ತಂದೆ ಹೇಳಲಾರರು. ಉಳಿದ ನಾಲ್ವರಿಗೆ ತೊಂದರೆಯಾದೀತೆಂದು ಸಂಕೋಚಪಟ್ಟು, ಸುಮ್ಮನೆ ನೋವು ನುಂಗಿಕೊಂಡು ಕುಳಿತಿರುತ್ತಾರೆ. ಸ್ವಂತದ್ದಾದರೆ ಹತ್ತು ಗಂಟೆಗೇ ಹಿಂದಿರುಗಬಹುದು, ಒಂದೇ ಆನೆಮರಿಯ ಮುಂದೆ ಒಂದು ಗಂಟೆ ನಿಲ್ಲಬಹುದು, ಚಾಲಕರಿಗೆ ನಿಧಾನವಾಗಿ ಓಡಿಸಲು ಹೇಳಬಹುದು. ಸ್ವಾಹಿಲಿಯಲ್ಲಿ ‘ಪೋಲೆ ಪೋಲೆ’ ಎಂದರೆ ಸಾಕು.

ಕುಳಿತುಕೊಳ್ಳುವ ಜಾಗವೂ ಮುಖ್ಯ. ಹಿಂದಿನ ಸಾಲು ಹಿಂದಿನ ಚಕ್ರಗಳ ಮೇಲೆಯೇ ಇರುವುದರಿಂದ ಅಲ್ಲಿ ಪೆಟ್ಟು ಹೆಚ್ಚು. ಎರಡು ಅಚ್ಚುಗಳ ನಡುವಿನ ಸಾಲಿನಲ್ಲಿ ಅಥವಾ ಚಾಲಕರ ಪಕ್ಕದಲ್ಲಿ ಹಿರಿಯರನ್ನು ಕೂರಿಸಿ, ಸೊಂಟದ ಹಿಂದೆ ಒಂದು ಸಣ್ಣ ದಿಂಬು ಕೊಡಿ.

“ಕೇಳಲು ಮುಜುಗರ, ಆದರೆ ಶೌಚಾಲಯದ ಕಥೆ ಏನು?”

ಮುಜುಗರ ಬೇಡ, ಎಲ್ಲ ಪ್ರಶ್ನೆಗಳಿಗಿಂತ ಮೊದಲು ಕೇಳಬೇಕಾದದ್ದೇ ಇದು. ಬಹಳ ಮಂದಿ ಹಿರಿಯರು ಇದನ್ನು ಬಾಯಿಬಿಟ್ಟು ಹೇಳದೆ, ಬೆಳಿಗ್ಗೆಯಿಂದ ನೀರು ಕುಡಿಯುವುದನ್ನೇ ನಿಲ್ಲಿಸಿಬಿಡುತ್ತಾರೆ. ಬಿಸಿಲು, ಧೂಳು, ಎತ್ತರ, ಜೊತೆಗೆ ಬಿಪಿ ಮಾತ್ರೆ ಎಲ್ಲ ಸೇರಿ ಮಧ್ಯಾಹ್ನಕ್ಕೆ ತಲೆಸುತ್ತು ಬರುತ್ತದೆ. ಮನೆಯವರು ಅದನ್ನು ದಣಿವೆಂದುಕೊಳ್ಳುತ್ತಾರೆ. ನಮ್ಮ ಮೊದಲ ಪ್ರವಾಸದ ಎರಡನೆಯ ದಿನ ಹೀಗೆಯೇ ಆಯಿತು. ಅಮ್ಮನ ಬಾಟಲಿಯ ನೀರು ಮುಚ್ಚಳ ತೆರೆಯದೆ ಹಾಗೆಯೇ ಇದ್ದುದನ್ನು ನಾನು ಗಮನಿಸಿದ್ದು ಅವರು ಕಣ್ಣು ಕತ್ತಲಿಟ್ಟು ನನ್ನ ಮೇಲೆ ಒರಗಿದ ಮೇಲೆ.

ಉದ್ಯಾನಗಳ ದ್ವಾರಗಳಲ್ಲಿ, ಸೆರೆಂಗೆಟಿಯ ನಾಬಿ ಬೆಟ್ಟ ಹಾಗೂ ಸೆರೊನೆರಾ ಕೇಂದ್ರಗಳಲ್ಲಿ, ಗೊರೊಂಗೊರೊ ತಳದ ಊಟದ ತಾಣದಲ್ಲಿ ಶೌಚಾಲಯಗಳಿವೆ. ದಿನದ ದಾರಿಯನ್ನು ಇವುಗಳನ್ನು ಪೋಣಿಸಿಯೇ ಹಾಕುವಂತೆ ಚಾಲಕರಿಗೆ ಹಿಂದಿನ ರಾತ್ರಿಯೇ ಹೇಳಿ. ನಡುವೆ ತುರ್ತಾದರೆ ಅವರು ಸುತ್ತಲೂ ನೋಡಿ, ಸುರಕ್ಷಿತವೆನಿಸಿದ ಬಯಲಿನಲ್ಲಿ ವಾಹನ ನಿಲ್ಲಿಸಿ, ಅದರ ಮರೆಯನ್ನು ಕೊಡುತ್ತಾರೆ. ತಾಂಜಾನಿಯಾದಲ್ಲಿ ಇದಕ್ಕೆ ‘ಕುಚಿಂಬಾ ದಾವಾ’, ಅಂದರೆ ಔಷಧಿಯ ಬೇರು ಅಗೆಯುವುದು, ಎಂಬ ಮರ್ಯಾದೆಯ ಮಾತಿದೆ. ಚಾಲಕರು ಹೇಳದೆ ಯಾರೂ ತಾವಾಗಿ ಇಳಿಯಬಾರದು. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಬೆಳಗಿನ ಸಫಾರಿ ಮುಗಿದ ಮೇಲೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ.

## ಆರೋಗ್ಯ

“ಹಳದಿ ಜ್ವರದ ಚುಚ್ಚುಮದ್ದು 60 ದಾಟಿದವರಿಗೆ ಅಪಾಯ ಅಂತಾರೆ. ಹಾಕಿಸಲೇಬೇಕಾ?”

ಇದನ್ನು ಎರಡು ಭಾಗ ಮಾಡಿ ಯೋಚಿಸಬೇಕು. ಮೊದಲನೆಯದು ಕಾನೂನು. ಭಾರತದಿಂದ ನೇರವಾಗಿ ಬರುವವರನ್ನು ಕೀನ್ಯಾ ಈ ಚುಚ್ಚುಮದ್ದಿನ ಪ್ರಮಾಣಪತ್ರ ಕೇಳುವುದಿಲ್ಲ. ಕೇಳುವುದು ಹಿಂದಿರುಗಿದಾಗ ಭಾರತ. ನಮ್ಮಲ್ಲಿ ಆ ರೋಗವನ್ನು ಹರಡಬಲ್ಲ ಈಡಿಸ್ ಸೊಳ್ಳೆ ಎಲ್ಲೆಡೆ ಇದೆ, ರೋಗ ಮಾತ್ರ ಇಲ್ಲ. ಆದ್ದರಿಂದ ಸರ್ಕಾರ ಬಹಳ ಕಟ್ಟುನಿಟ್ಟು. ಹಳದಿ ಜ್ವರವಿರುವ ದೇಶಗಳೆಂದು ಅದು ಮಾಡಿರುವ ಪಟ್ಟಿಯಲ್ಲಿರುವ ದೇಶಗಳಿಂದ ಅಥವಾ ಅವುಗಳ ಮೂಲಕ ಪ್ರಮಾಣಪತ್ರವಿಲ್ಲದೆ ಬಂದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಕೀನ್ಯಾದಿಂದ ತಾಂಜಾನಿಯಾಕ್ಕೆ ದಾಟುವಾಗಲೂ ಅದನ್ನು ಕೇಳುತ್ತಾರೆ. ಪ್ರಮಾಣಪತ್ರ ಊರ್ಜಿತವಾಗುವುದು ಚುಚ್ಚುಮದ್ದಿನ ಹತ್ತು ದಿನಗಳ ನಂತರ. 2016ರ ಜುಲೈಯಿಂದ ಅದು ಜೀವನಪೂರ್ತಿಗೆ ಸಲ್ಲುತ್ತದೆ.

ಎರಡನೆಯದು ದೇಹ. ಇದು ಜೀವಂತ ವೈರಾಣುವನ್ನು ದುರ್ಬಲಗೊಳಿಸಿ ಮಾಡಿದ ಲಸಿಕೆ. ಮೊದಲ ಬಾರಿಗೆ ಹಾಕಿಸಿಕೊಳ್ಳುವ 60 ದಾಟಿದವರಲ್ಲಿ ಗಂಭೀರ ಅಡ್ಡಪರಿಣಾಮಗಳು ಅಪರೂಪವಾದರೂ ಕಿರಿಯರಿಗಿಂತ ಹೆಚ್ಚು. ಮೊಟ್ಟೆಯ ತೀವ್ರ ಅಲರ್ಜಿ, ಥೈಮಸ್ ಗ್ರಂಥಿಯ ಕಾಯಿಲೆ, ಕ್ಯಾನ್ಸರ್ ಚಿಕಿತ್ಸೆ, ಹೆಚ್ಚು ಪ್ರಮಾಣದ ಸ್ಟಿರಾಯ್ಡ್ ಇದ್ದವರಿಗೆ ಕೊಡುವುದಿಲ್ಲ. ಆದ್ದರಿಂದ ಟಿಕೆಟ್ ಕೊಳ್ಳುವ ಮೊದಲೇ, ಎಲ್ಲ ಔಷಧಿಗಳ ಪಟ್ಟಿಯೊಂದಿಗೆ ವೈದ್ಯರನ್ನು ಕಾಣಿ. ಅವರು ಬೇಡವೆಂದರೆ ವಿನಾಯಿತಿ ಪತ್ರ ಕೊಡಬಹುದು. ಆದರೆ ಆ ಪತ್ರ ಕೈಯಲ್ಲಿದೆ ಎಂದ ಮಾತ್ರಕ್ಕೆ ಹಿಂದಿರುಗುವಾಗ ತೊಂದರೆಯಿಲ್ಲ ಎಂದು ನಂಬದೆ, ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳನ್ನು ಮೊದಲೇ ವಿಚಾರಿಸಿ. ಅಲ್ಲಿಂದಲೂ ಭರವಸೆ ಸಿಗದಿದ್ದರೆ ಪೂರ್ವ ಆಫ್ರಿಕಾವನ್ನು ಬಿಟ್ಟು, ಈ ಪಟ್ಟಿಯಲ್ಲಿಲ್ಲದ ದಕ್ಷಿಣ ಆಫ್ರಿಕಾದ ಕಡೆಗೆ, ಪಟ್ಟಿಯಲ್ಲಿರುವ ದೇಶದಲ್ಲಿ ವಿಮಾನ ಬದಲಾಯಿಸದಂತೆ, ಹೋಗುವುದು ಸೋಲಲ್ಲ. ಲಸಿಕೆಯನ್ನು ಸರ್ಕಾರ ಅಧಿಕೃತಗೊಳಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕಿಸಿ. ಒಂದು ಸೀಸೆಯಲ್ಲಿ ಹಲವರ ಮದ್ದು ಇರುವುದರಿಂದ ಹೆಚ್ಚಾಗಿ ಗೊತ್ತಾದ ದಿನಗಳಲ್ಲಿಯೇ ಕೊಡುತ್ತಾರೆ.

“ಮಲೇರಿಯಾ ನಮ್ಮಲ್ಲೂ ಇದೆಯಲ್ಲ. ಮಾತ್ರೆ ಯಾಕೆ?”

ಅಲ್ಲಿನದು ಬಹುಪಾಲು ಫಾಲ್ಸಿಪರಮ್ ಜಾತಿಯದು, ಹಿರಿಯರಲ್ಲಿ ಬೇಗ ಉಲ್ಬಣಿಸುತ್ತದೆ, ಹಳೆಯ ಕ್ಲೋರೋಕ್ವಿನ್ ಅದಕ್ಕೆ ನಾಟುವುದಿಲ್ಲ. ತಡೆಗೆ ಮೂರು ದಾರಿಗಳಿವೆ. ಅಟೊವಕ್ವೋನ್-ಪ್ರೊಗ್ವಾನಿಲ್ ಹಿಂದಿರುಗಿದ ಮೇಲೆ ಏಳು ದಿನ ಮುಂದುವರಿಸಿದರೆ ಸಾಕು, ಆದರೆ ಮೂತ್ರಪಿಂಡ ತೀರ ದುರ್ಬಲವಾಗಿರುವವರಿಗೆ ಆಗದು. ಡಾಕ್ಸಿಸೈಕ್ಲಿನ್ ಅಗ್ಗ, ನಾಲ್ಕು ವಾರ ಮುಂದುವರಿಸಬೇಕು, ಬಿಸಿಲಿಗೆ ಚರ್ಮ ಸುಡುತ್ತದೆ, ನೀರು ಕುಡಿಯದೆ ನುಂಗಿ ಮಲಗಿದರೆ ಅನ್ನನಾಳ ಉರಿಯುತ್ತದೆ. ಮೆಫ್ಲೋಕ್ವಿನ್ ಖಿನ್ನತೆ, ಮೂರ್ಛೆ, ಹೃದಯದ ಬಡಿತದ ತೊಂದರೆಯಿರುವವರಿಗೆ ಬೇಡ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಯಾವುದನ್ನು ಆರಿಸಿದರೂ ರಕ್ತಪರೀಕ್ಷೆಯ ಬಗ್ಗೆ ಕೇಳಲೇಬೇಕು. ಸಂಜೆಯಿಂದ ಉದ್ದ ತೋಳು, ಸೊಳ್ಳೆ ಮುಲಾಮು, ಪರದೆ ಇವು ಎಲ್ಲರಿಗೂ.

“ಅಪ್ಪನಿಗೆ ಸ್ಟೆಂಟ್ ಹಾಕಿದೆ. ಎತ್ತರದ ಪ್ರದೇಶ ಆಗುತ್ತಾ?”

ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ನೈರೋಬಿ 1,700ಕ್ಕೂ ಹೆಚ್ಚು, ಅಂಬೊಸೆಲಿ ಸುಮಾರು 1,150, ಮಾರಾ 1,500ರ ಮೇಲೆ. ಗೊರೊಂಗೊರೊ ಬಾಯಿಯ ಅಂಚು 2,200 ಮೀಟರಿಗೂ ಹೆಚ್ಚು, ಅಂದರೆ ಊಟಿಯಷ್ಟು. ಊಟಿಯಲ್ಲಿ ರಾತ್ರಿ ಉಸಿರಾಟದ ತೊಂದರೆಯಿಲ್ಲದೆ ಮಲಗಿದ್ದ ನೆನಪು ಅವರಿಗಿದ್ದರೆ ಹೃದಯತಜ್ಞರಿಗೆ ಅದನ್ನೇ ಹೇಳಿ, ಅವರಿಗೆ ಅಂದಾಜು ಸುಲಭವಾಗುತ್ತದೆ. ಸಂದೇಹವಿದ್ದರೆ ಅಂಚಿನಲ್ಲಿ ತಂಗದೆ ಕೆಳಗಿನ ಕರಾಟು ಪಟ್ಟಣದಲ್ಲಿ ತಂಗಿ, ಬೆಳಿಗ್ಗೆ ಹತ್ತಿ, 600 ಮೀಟರ್ ಆಳದ ತಳಕ್ಕಿಳಿದು, ಸಂಜೆ ಮರಳಿ. ಅಂಚಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಚಳಿ ಕಠಿಣ. ಮಂಕಿ ಟೋಪಿ, ಉಣ್ಣೆಯ ಕಾಲುಚೀಲ ಒಯ್ಯಿರಿ.

“ಇನ್ಸುಲಿನ್, ನಿದ್ದೆಯ ಉಸಿರಾಟದ ಯಂತ್ರ, ಇವುಗಳಿಗೆ ಕರೆಂಟ್ ಇರುತ್ತಾ?”

ಅನೇಕ ಕ್ಯಾಂಪುಗಳು ಸೌರಶಕ್ತಿ ಅಥವಾ ಜನರೇಟರಿನ ಮೇಲೆ ನಡೆಯುತ್ತವೆ, ರಾತ್ರಿ ಕೆಲವು ಗಂಟೆ ಡೇರೆಗಳಲ್ಲಿ ವಿದ್ಯುತ್ ಇರುವುದಿಲ್ಲ. ಯಂತ್ರ ಬೇಕಾದವರು ‘ಹಾಸಿಗೆಯ ಪಕ್ಕದಲ್ಲಿ ರಾತ್ರಿಯಿಡೀ ವಿದ್ಯುತ್’ ಎಂದು ಬರಹದಲ್ಲಿ ಪಡೆದುಕೊಳ್ಳಿ, ಇಲ್ಲವೇ ಬ್ಯಾಟರಿ ಒಯ್ಯಿರಿ. ಇನ್ಸುಲಿನ್ ಅಡುಗೆಮನೆಯ ಫ್ರಿಜ್ಜಿನಲ್ಲಿ ಇರಲಿ, ಫ್ರೀಜರಿನಲ್ಲಿ ಬೇಡ. ಎರಡೂ ದೇಶಗಳಲ್ಲಿ ಬ್ರಿಟಿಷ್ ಮಾದರಿಯ ಚೌಕ ಮೂರು ಕಡ್ಡಿಯ ಪ್ಲಗ್ಗು, ಅಡಾಪ್ಟರ್ ಬೇಕು. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಮನೆಯಲ್ಲಿ ಬೆಳಿಗ್ಗೆ ಎಂಟಕ್ಕೆ ನುಂಗುವ ಮಾತ್ರೆಯ ಹೊತ್ತು ಅಲ್ಲಿ ಐದೂವರೆ, ಸಫಾರಿಗೆ ಮೊದಲಿನ ಚಹಾದ ಹೊತ್ತು. ಬಹುಪಾಲು ಔಷಧಗಳ ಸಮಯವನ್ನು ಬದಲಿಸಬೇಕಾಗಿಯೇ ಬರುವುದಿಲ್ಲ.

“ಕಾಡಿನ ಮಧ್ಯೆ ಎದೆನೋವು ಬಂದರೆ?”

ರೇಡಿಯೋದಲ್ಲಿ ಕ್ಯಾಂಪಿಗೆ, ಅಲ್ಲಿಂದ ಹತ್ತಿರದ ವಿಮಾನಪಟ್ಟಿಗೆ, ಅಲ್ಲಿಂದ ನೈರೋಬಿಗೆ; ದಾರಿ ಇದೊಂದೇ. 1957ರಲ್ಲಿ ಆರಂಭವಾದ ಆಮ್ರೆಫ್ ಸಂಸ್ಥೆಯ ಫ್ಲೈಯಿಂಗ್ ಡಾಕ್ಟರ್ಸ್ ತಂಡ ವಿಲ್ಸನ್ ನಿಲ್ದಾಣದಿಂದ ವೈದ್ಯರನ್ನು ಕೂರಿಸಿಕೊಂಡು ಹಾರುತ್ತದೆ, ಪ್ರವಾಸಿಗರಿಗೆ ಅಲ್ಪಾವಧಿಯ ಸದಸ್ಯತ್ವವನ್ನೂ ಕೊಡುತ್ತದೆ. ನಿಮ್ಮ ಕ್ಯಾಂಪಿನ ದರದಲ್ಲಿ ಅದು ಸೇರಿದೆಯೇ ಎಂದು ಕೇಳಿ. ಆದರೆ ಅದು ಸಾಗಿಸುವ ವೆಚ್ಚಕ್ಕೆ ಮಾತ್ರ. ಆಸ್ಪತ್ರೆಯ ವೆಚ್ಚಕ್ಕೆ ಬೇರೆ ವಿಮೆ ಬೇಕು. ವಿಮೆಯ ಕಾಗದದಲ್ಲಿ ‘ಮೊದಲೇ ಇದ್ದ ಕಾಯಿಲೆ’ ಎಂಬ ಸಾಲನ್ನು ಎರಡು ಸಲ ಓದಿ. ಬಿಪಿ, ಸಕ್ಕರೆ ಕಾಯಿಲೆ, ಸ್ಟೆಂಟ್ ಯಾವುದನ್ನೂ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಕಷ್ಟ ಬಂದ ದಿನವೇ ಆ ವಿಮೆ ಕೈಕೊಡುತ್ತದೆ.

## ವಸತಿ, ಊಟ, ಮಾತು

“ಡೇರೆಯಾ, ಲಾಡ್ಜಾ?”

ಡೇರೆ ಎಂದರೆ ಒಳಗೆ ಮಂಚ, ಕಮೋಡು, ಬಿಸಿನೀರು ಎಲ್ಲ ಇರುವ ಕೋಣೆಯೇ. ಆದರೆ ಬಾಗಿಲು ಜಿಪ್ಪಿನದು. ನೆಲದಿಂದ ಆಳೆತ್ತರದವರೆಗೆ ಏರುವ ಆ ದಪ್ಪ ಜಿಪ್ಪನ್ನು ಸಂಧಿವಾತದ ಬೆರಳುಗಳು ಎಳೆಯಲಾರವು. ಬಗ್ಗಿ ಜಿಪ್ಪು ಹಿಡಿದು ಅಮ್ಮ ಒಳಗಿನಿಂದ ‘ತೆರೀಲಿಕ್ಕೆ ಆಗವಲ್ದೋ’ ಎಂದು ಕೂಗಿದ್ದು ಕೇಳಿದ ಮೇಲೆ ನಾನು ಮರದ ಬಾಗಿಲಿರುವ ಕೋಣೆಯನ್ನೇ ಕೇಳುತ್ತೇನೆ. ನಮಗೆ ಪ್ರವಾಸ ಏರ್ಪಡಿಸಿದ ಒಂದು ಸಂಸ್ಥೆ ‘ಮೆಟ್ಟಿಲಿಲ್ಲದ ಕೋಣೆ’ ಎಂದು ಬಾಯಲ್ಲಿ ಹೇಳಿ, ಹೋಗಿ ನೋಡಿದರೆ ಊಟದ ಮನೆಗೂ ಕೋಣೆಗೂ ನಡುವೆ 43 ಮೆಟ್ಟಿಲುಗಳಿದ್ದವು. ಅಂದಿನಿಂದ ಮೆಟ್ಟಿಲುಗಳ ಸಂಖ್ಯೆ, ಊಟದ ಮನೆಯಿಂದ ಕೋಣೆಗೆ ಇರುವ ದೂರ, ಸ್ನಾನದ ಜಾಗದಲ್ಲಿ ಹಿಡಿಕೆ ಇದೆಯೇ, ಈ ಮೂರನ್ನೂ ಬರಹದಲ್ಲಿ ಫೋಟೋ ಸಹಿತ ತರಿಸಿಕೊಳ್ಳುತ್ತೇನೆ. ಬೇಲಿಯಿಲ್ಲದ ಕ್ಯಾಂಪುಗಳಲ್ಲಿ ಕತ್ತಲಾದ ಮೇಲೆ ಕಾವಲುಗಾರರಿಲ್ಲದೆ ಹೊರಗೆ ಕಾಲಿಡಬಾರದು. ದೂರದ ಕೋಣೆಯಾದರೆ ಈ ನಡಿಗೆಯೇ ಹಿರಿಯರಿಗೆ ಭಯ.

“ನಾವು ಶುದ್ಧ ಸಸ್ಯಾಹಾರಿಗಳು. ಅಮ್ಮ ಏನು ತಿಂತಾರೆ?”

ಹಸಿವಿನಿಂದ ಇರುವ ಭಯ ಬೇಡ. 1896ರಲ್ಲಿ ರೈಲುಮಾರ್ಗದ ಕೆಲಸಕ್ಕೆ ಭಾರತೀಯರು ಬಂದಂದಿನಿಂದ ಕೀನ್ಯಾದ ಅಡುಗೆಮನೆಗಳಿಗೆ ಚಪಾತಿಯೂ ಮಸಾಲೆಯೂ ಹೊಸತಲ್ಲ. ನೈರೋಬಿಯ ಪಾರ್ಕ್‌ಲ್ಯಾಂಡ್ಸ್ ಬಡಾವಣೆಯಲ್ಲಿ ಸಸ್ಯಾಹಾರಿ ಹೋಟೆಲುಗಳು ಸಾಕಷ್ಟಿವೆ. ಕ್ಯಾಂಪಿಗೆ ಎರಡು ವಾರ ಮೊದಲೇ ‘ಮೊಟ್ಟೆ, ಮೀನು, ಮಾಂಸದ ರಸ ಯಾವುದೂ ಬೇಡ’ ಎಂದು ಬಿಡಿಸಿ ಬರೆಯಿರಿ. ಹುರುಳಿಕಾಯಿ ಜಾತಿಯ ಕಾಳಿನ ‘ಮಹರಾಗ್ವೆ’, ಸೊಪ್ಪಿನ ‘ಸುಕುಮಾ ವಿಕಿ’, ಮೆಕ್ಕೆಜೋಳದ ಹಿಟ್ಟಿನ ಮುದ್ದೆಯಾದ ‘ಉಗಾಲಿ’ ನಮ್ಮ ನಾಲಿಗೆಗೆ ಹತ್ತಿರ. ಎಲ್ಲಕ್ಕಿಂತ ‘ಉಜಿ ವಾ ವಿಂಬಿ’ ಕೇಳಿ ಮಾಡಿಸಿಕೊಳ್ಳಿ: ಅದು ರಾಗಿ ಗಂಜಿ. ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ಪ್ರದೇಶ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದಲೇ ನಮ್ಮಲ್ಲಿಗೆ ಬಂತು. ಹೊಟ್ಟೆ ಕೆಟ್ಟ ದಿನ ಅಮ್ಮನನ್ನು ಕಾಪಾಡಿದ್ದು ಅದೇ ಕಂದುಬಣ್ಣದ ಬಟ್ಟಲು.

“ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರಲ್ಲ. ಬೇಜಾರಾಗಲ್ವಾ?”

ಅಲ್ಲಿ ಹಿರಿಯರಿಗೆ ಸಿಗುವ ಮರ್ಯಾದೆಗೆ ಭಾಷೆ ಬೇಕಾಗುವುದಿಲ್ಲ. ತಾಂಜಾನಿಯಾದಲ್ಲಿ ಕಿರಿಯರು ಹಿರಿಯರನ್ನು ಕಂಡರೆ ‘ಶಿಕಾಮೋ’ ಎಂದು ವಂದಿಸುತ್ತಾರೆ. ಹಿರಿಯರು ‘ಮರಹಬಾ’ ಎಂದು ಸ್ವೀಕರಿಸಬೇಕು. ಹೊರಡುವ ಮುನ್ನ ಈ ಒಂದು ಮಾತನ್ನು ಕಲಿಸಿಕೊಡಿ. ನಮ್ಮ ಚಾಲಕರು ದಿನವೂ ಬೆಳಿಗ್ಗೆ ತಲೆಬಾಗಿ ‘ಶಿಕಾಮೋ, ಬೀಬಿ’ ಎನ್ನುತ್ತಿದ್ದರು. ಬೀಬಿ ಎಂದರೆ ಅಜ್ಜಿ. ಅಮ್ಮ ‘ಮರಹಬಾ’ ಎಂದು, ಅಭ್ಯಾಸಬಲದಿಂದ ಅವರ ತಲೆಯ ಮೇಲೆ ಕೈಯನ್ನೂ ಇಡುತ್ತಿದ್ದರು.

“ಚೀಲದಲ್ಲಿ ಏನಿರಬೇಕು, ಏನಿರಬಾರದು?”

ಪ್ಲಾಸ್ಟಿಕ್ ಚೀಲ ಇರಬಾರದು. ಕೀನ್ಯಾ 2017ರ ಆಗಸ್ಟಿನಲ್ಲಿ, ತಾಂಜಾನಿಯಾ 2019ರ ಜೂನ್‌ನಲ್ಲಿ ನಿಷೇಧಿಸಿವೆ. ಚಟ್ನಿಪುಡಿಯನ್ನು ಡಬ್ಬಿಯಲ್ಲಿ, ಬಟ್ಟೆಯನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ. ಕಡುನೀಲಿ, ಕಪ್ಪು ಬಟ್ಟೆ ಬೇಡ, ಕಚ್ಚುವ ತ್ಸೆತ್ಸೆ ನೊಣವನ್ನು ಅವು ಸೆಳೆಯುತ್ತವೆ. ಇರಬೇಕಾದದ್ದು: ಧೂಳಿಗೆ ಮಾಸ್ಕು, ಕಣ್ಣಿನ ಹನಿ, ಟಾರ್ಚು, ಎಂಟು ಪಟ್ಟಿನ ಹಗುರ ಬೈನಾಕ್ಯುಲರ್ (ಹೆಚ್ಚು ಪಟ್ಟಿನದು ನಡುಗುವ ಕೈಯಲ್ಲಿ ನಿಲ್ಲದು), ಮತ್ತು ಒಂದು ಸಣ್ಣ ಚೊಂಬು. ಅಲ್ಲಿನ ಬಚ್ಚಲುಗಳಲ್ಲಿ ಕಾಗದ ಮಾತ್ರ ಇರುತ್ತದೆ.

“ಖರ್ಚಿನಲ್ಲಿ ಎಲ್ಲಿ ಉಳಿಸಬಹುದು?”

ತಿಂಗಳಿನಲ್ಲಿ. 2024ರಿಂದ ಮಾರಾದ ಪ್ರವೇಶಶುಲ್ಕ ವಿದೇಶಿ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. ಫೆಬ್ರುವರಿಯಲ್ಲಿ ಹೋದರೆ ಉಳಿಯುವ ಹಣವನ್ನು ಸ್ವಂತ ವಾಹನಕ್ಕೂ ಸಣ್ಣ ವಿಮಾನಕ್ಕೂ ಹಾಕಿ.

## ಇನ್ನೂ ಮುಂದಿನ ಪ್ರಶ್ನೆಗಳು

“ಬಲೂನು ಸವಾರಿ, ಗೊರಿಲ್ಲಾ ನೋಡುವುದು, ಇವು ಆಗುತ್ತವಾ?”

ಬಲೂನಿನ ಬುಟ್ಟಿಯೊಳಗೆ ಹತ್ತಿ ಇಳಿಯಬೇಕು, ಒಂದು ಗಂಟೆ ನಿಂತಿರಬೇಕು, ಇಳಿಯುವಾಗ ಬುಟ್ಟಿ ನೆಲಕ್ಕೆ ಬಡಿದು ಮಗುಚಲೂಬಹುದು. ಮೂಳೆ ಸವೆತ, ಹೊಸ ಮಂಡಿ, ಬೆನ್ನಿನ ಶಸ್ತ್ರಚಿಕಿತ್ಸೆ ಆಗಿದ್ದವರಿಗೆ ಬೇಡ. ಗೊರಿಲ್ಲಾಗಳನ್ನು ನೋಡಲು ಉಗಾಂಡಾದ ಬ್ವಿಂಡಿಯಲ್ಲಿಯೂ ರುವಾಂಡಾದಲ್ಲಿಯೂ ಕಡಿದಾದ ಕೆಸರಿನ ಗುಡ್ಡಗಳಲ್ಲಿ ನಡೆಯಬೇಕು. ಬ್ವಿಂಡಿಯಲ್ಲಿ ನಡೆಯಲಾರದವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತೊಯ್ಯುವ ಸ್ಥಳೀಯರ ತಂಡಗಳಿವೆ, ನಮ್ಮ ಶಬರಿಮಲೆಯ ಡೋಲಿಯಂತೆ. ಅವರಿಗೆ ಅದು ಗೌರವದ ದುಡಿಮೆ; ಹಿರಿಯರು ಒಪ್ಪುವುದಾದರೆ ಸಂಕೋಚಪಡಬೇಕಾಗಿಲ್ಲ.

“ಅಪ್ಪನಿಗೆ ಮರೆವು ಶುರುವಾಗಿದೆ. ಈಗಲೇ ಕರ್ಕೊಂಡು ಹೋಗಲಾ, ಬಿಡಲಾ?”

ಈ ಪ್ರಶ್ನೆ ಕೇಳಿದವರ ಧ್ವನಿ ಪ್ರತಿ ಸಲವೂ ತಗ್ಗಿರುತ್ತದೆ. ಆರಂಭದ ಹಂತವಾದರೆ, ವೈದ್ಯರು ಒಪ್ಪಿದರೆ, ಹೋಗಿ. ಆದರೆ ಎಲ್ಲವನ್ನೂ ಬದಲಿಸಿಕೊಂಡು. ಒಂದೇ ತಂಗುದಾಣ, ಒಬ್ಬರೇ ಚಾಲಕರು, ದಿನವೂ ಅದೇ ಹೊತ್ತಿಗೆ ಊಟ. ಬೇಲಿ ಇರುವ ಲಾಡ್ಜನ್ನೇ ಆರಿಸಿ. ರಾತ್ರಿ ಎಚ್ಚರವಾಗಿ ಮನೆಯೆಂದುಕೊಂಡು ಬಾಗಿಲು ತೆರೆದರೆ ಹೊರಗೆ ನಿಜವಾದ ಕಾಡಿರುತ್ತದೆ. ಅವರ ಕೋಣೆಯಲ್ಲಿಯೇ ನೀವೂ ಮಲಗಿ, ಬಾಗಿಲಿಗೆ ಸಣ್ಣ ಗಂಟೆ ಕಟ್ಟಿ, ಸಿಬ್ಬಂದಿಗೆ ಮೊದಲ ದಿನವೇ ತಿಳಿಸಿ. ಸಂಜೆಯ ಹೊತ್ತು ಗಲಿಬಿಲಿ ಹೆಚ್ಚುವವರಾದರೆ ಬೆಳಗಿನ ಸಫಾರಿ ಮಾತ್ರ ಸಾಕು. ನಿನ್ನೆ ಕಂಡ ಆನೆ ಅವರಿಗೆ ಇಂದು ನೆನಪಿಲ್ಲದಿರಬಹುದು. ಅದನ್ನು ನೋಡುವಾಗ ಅವರ ಮುಖದಲ್ಲಿ ಮೂಡಿದ್ದನ್ನು ನೀವು ಕಂಡಿರುತ್ತೀರಿ. ಅಷ್ಟಕ್ಕಾಗಿ ಹೋಗಲು ಮನಸ್ಸು ಒಪ್ಪುತ್ತದೆಯೇ ಎಂಬುದನ್ನು ಮನೆಯವರೇ ಕೂತು ನಿರ್ಧರಿಸಬೇಕು.

“ಹಿಂದಿರುಗಿ ಮೂರು ವಾರ ಆಯಿತು, ಅಮ್ಮನಿಗೆ ಜ್ವರ. ಡೆಂಗಿ ಇರಬಹುದು ಅಂತಿದ್ದಾರೆ.”

ಇರಬಹುದು, ಆದರೆ ಮೊದಲು ಮಲೇರಿಯಾ ಪರೀಕ್ಷೆ, ಅದೂ ಇವತ್ತೇ. ಊರಿನ ವೈದ್ಯರು ಊರಿನ ಜ್ವರಗಳನ್ನೇ ಮೊದಲು ನೆನೆಯುವುದು ಸಹಜ. ಆದ್ದರಿಂದ ಒಳಗೆ ಕಾಲಿಟ್ಟ ಕೂಡಲೇ ‘ಇವರು ಇಷ್ಟನೆಯ ತಾರೀಖಿನವರೆಗೆ ಕೀನ್ಯಾದಲ್ಲಿದ್ದರು’ ಎಂದು ಹೇಳಿ, ಚೀಟಿಯ ಮೇಲೆ ಬರೆಸಿ. ತಡೆಮಾತ್ರೆ ತಪ್ಪದೆ ನುಂಗಿದ್ದರೂ ಹೇಳಿ. ಫಾಲ್ಸಿಪರಮ್ ಸಾಮಾನ್ಯವಾಗಿ ಮೊದಲ ಮೂರು ತಿಂಗಳೊಳಗೆ ಕಾಣಿಸಿಕೊಳ್ಳುತ್ತದೆ, ಕೆಲವೊಮ್ಮೆ ಇನ್ನೂ ತಡವಾಗಿ. ಹಿರಿಯರಲ್ಲಿ ಜ್ವರ ಜೋರಾಗಿರದೆ ಬರಿಯ ಸುಸ್ತು, ವಾಂತಿ, ಮಾತಿನ ತಡವರಿಕೆ ಆಗಿಯೂ ಬರಬಹುದು. ಮೊದಲ ರಕ್ತಪರೀಕ್ಷೆಯಲ್ಲಿ ಏನೂ ಕಾಣದೆ ಜ್ವರ ಮುಂದುವರಿದರೆ, 12ರಿಂದ 24 ಗಂಟೆಗಳ ಅಂತರದಲ್ಲಿ ಇನ್ನೂ ಎರಡು ಸಲ ಮಾಡಿಸಿ.